ಫೀಬಿಯ ತಾಯಿ

ಲವೀನಿಯಾಳ ವಂಶವೃಕ್ಷ, ಇನ್ನೂರೈವತ್ತು ವರ್ಷಗಳ ಹಿಂದೆ ಅಮೆರಿಕದಲ್ಲಿ ಗುಲಾಮಳಾಗಿದ್ದ ಫೀಬಿಯ ಹೆಸರಿಗೆ ಬಂದು ನಿಂತುಬಿಟ್ಟಿತ್ತು. ಫೀಬಿಯ ತಾಯಿ ಯಾರು, ಯಾವ ಸೀಮೆಯಿಂದ ಅವಳನ್ನು ಹಡಗು ಹತ್ತಿಸಿ ತಂದರು ಎಂದು ಲವೀನಿಯಾ ಇಪ್ಪತ್ತು ವರ್ಷ ದಾಖಲೆ ಕಚೇರಿಗಳಿಗೆ ಅಲೆದಳು. ಕಣ್ಣು ಮಂಜಾಯಿತೇ ಹೊರತು ಸುಳಿವು ಸಿಗಲಿಲ್ಲ.

ಕೊನೆಗೆ ಒಂದು ಕಚೇರಿಯ ಗುಮಾಸ್ತ ಹಳೆಯ ಕಾಗದವೊಂದನ್ನು ಹುಡುಕಿ ತಂದ. "ಬಿಡುಗಡೆ ಸಿಕ್ಕ ಮೇಲೆ ಫೀಬಿಯೇ ಕೋರ್ಟಿಗೆ ಬರೆಸಿಕೊಟ್ಟ ಅರ್ಜಿ ಇದು, ಅಮ್ಮಾ."

ಲವೀನಿಯಾ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. "ಅವಳ ತಾಯಿಯ ಹೆಸರಿದೆಯೇನಪ್ಪಾ?"

ಗುಮಾಸ್ತ ಕಾಗದದ ಕೊನೆಯವರೆಗೂ ಕಣ್ಣಾಡಿಸಿ, ಮತ್ತೆ ಮೊದಲ ಸಾಲಿಗೆ ಬಂದ.

"ಏನಿದ್ದರೂ ಸರಿ, ಗಟ್ಟಿಯಾಗಿ ಓದಪ್ಪಾ. ನನಗೆ ಅಕ್ಷರ ಕಾಣೋದಿಲ್ಲ."

ಅವನು ಓದಿದ: "ಹಾಲು ಬಿಡುವ ಮೊದಲೇ ನನ್ನನ್ನು ಮಾರಿದರು. ನನ್ನ ತಾಯಿ ಯಾರೆಂದು ಹುಡುಕಿ ಹುಡುಕಿ ಸೋತಿದ್ದೇನೆ. ತಮಗೇನಾದರೂ ಗೊತ್ತಿದ್ದರೆ ತಿಳಿಸಬೇಕು, ದೊರೆಗಳೇ."