ಹದಿನೇಳನೆಯ ಸಾಲು

ಹದಿನೇಳನೆಯ ಸಾಲನ್ನು ಬಿಟ್ಟು ಸೌಜನ್ಯ ಮತ್ತೊಮ್ಮೆ ಲೆಕ್ಕ ಹಾಕಿದಳು. 0.007. ಸೇರಿಸಿ ಹಾಕಿದಳು. 0.22. ಬೆಳಗಿನಿಂದ ಇದು ಹನ್ನೊಂದನೆಯ ಸಲ. ಕಂಪ್ಯೂಟರಿಗೆ ದಯೆ ದಾಕ್ಷಿಣ್ಯ ಎಲ್ಲಿಯದು?

ಫಲಿತಾಂಶ ಬರೀ ಆಕಸ್ಮಿಕವಾಗಿರುವ ಸಂಭವ ಎಷ್ಟೆಂದು ಹೇಳುವ ಈ ಅಂಕಿ 0.05ಕ್ಕಿಂತ ಕಡಿಮೆ ಇರಬೇಕಿತ್ತು. ಅಷ್ಟು ಬಂದರೆ ನುಗ್ಗೆಸೊಪ್ಪಿನ ಪುಡಿಯಿಂದ ಹೆಂಗಸರ ಹಿಮೋಗ್ಲೋಬಿನ್ ಏರಿತು ಎಂದು ಬರೆಯಬಹುದು. ಬರದಿದ್ದರೆ ಆರು ವರ್ಷದ ಪಿಎಚ್‌ಡಿ ನೀರುಪಾಲು. ಪ್ರಬಂಧ ಸಲ್ಲಿಸಲು ನಾಳೆಯೇ ಕೊನೆಯ ದಿನ. ಎರಡು ಸಲ ಅವಧಿ ವಿಸ್ತರಿಸಿದ್ದ ವಿಶ್ವವಿದ್ಯಾಲಯ ಮೂರನೆಯ ಸಲ ಆಗುವುದಿಲ್ಲವೆಂದು ಬರೆದುಬಿಟ್ಟಿತ್ತು. ಸಾಗರದ ಕಾಲೇಜಿನಲ್ಲಿದ್ದ ಅತಿಥಿ ಉಪನ್ಯಾಸಕಿಯ ಕೆಲಸವೂ ಅದರ ಬೆನ್ನಿಗೇ ಹೋಗುತ್ತಿತ್ತು.

ಪರೀಕ್ಷೆ ಸರಳವಾಗಿಯೇ ಇತ್ತು. ಹಿನ್ನೀರಿನಾಚೆ ಬ್ಯಾಕೋಡಿನ ಸುತ್ತಲಿನ ಇಪ್ಪತ್ತು ಹೆಂಗಸರು. ಏಪ್ರಿಲ್‌ನಲ್ಲಿ ರಕ್ತ ತೆಗೆಯುವುದು, ಮೂರು ತಿಂಗಳು ಪುಡಿ ಕೊಡುವುದು, ಜುಲೈನಲ್ಲಿ ಮತ್ತೆ ರಕ್ತ ತೆಗೆಯುವುದು. ಒಬ್ಬ ಹೆಂಗಸಿನ ಮೊದಲಿನ ಅಂಕಿ, ಅವಳದೇ ನಂತರದ ಅಂಕಿ: ಅದೊಂದು ಜೋಡಿ. ಜೋಡಿಯೊಳಗಿನ ವ್ಯತ್ಯಾಸವನ್ನೇ ಟಿ-ಪರೀಕ್ಷೆ ನೋಡುವುದು. ಹತ್ತೊಂಬತ್ತು ಜೋಡಿಗಳಲ್ಲಿ ಬಹುಪಾಲು ಮೇಲೇರಿದ್ದವು. ಹದಿನೇಳನೆಯದು, ಹೂವಮ್ಮ, ವಯಸ್ಸು ನಲವತ್ತೆಂಟು: 10.8 ಇದ್ದದ್ದು 6.2ಕ್ಕೆ ಇಳಿದಿತ್ತು.

ಒಂದು ಜೀವ ಮೂರು ತಿಂಗಳಲ್ಲಿ ಅಷ್ಟು ಇಳಿಯಲು ಸಾಧ್ಯವೇ ಇಲ್ಲ ಎಂದು ಸೌಜನ್ಯ ತೀರ್ಮಾನಿಸಿಬಿಟ್ಟಿದ್ದಳು. ಎಲ್ಲೋ ಏನೋ ಅದಲುಬದಲಾಗಿದೆ.

“ಸುಮ್ಮನೆ ಅಳಿಸೋ ಹಾಗಿಲ್ಲಮ್ಮ,” ಎಂದರು ಅವಳ ಗೈಡ್ ಮಧುಸೂದನ. “ಜುಲೈನಲ್ಲಿ ರಕ್ತ ಕೊಟ್ಟಿದ್ದು ತಾನಲ್ಲ ಅಂತ ಆಕೆಯೇ ಬರೆದುಕೊಡಲಿ. ಜೋಡಿ ತಪ್ಪಿದೆ ಅಂತ ಆ ಸಾಲು ತೆಗೆಯೋಣ.”

ಏಪ್ರಿಲ್‌ನಲ್ಲಿ ಸೌಜನ್ಯಳೇ ಹೋಗಿದ್ದಳು. ಜುಲೈನಲ್ಲಿ ಮೌಲ್ಯಮಾಪನದ ಡ್ಯೂಟಿ ಬಿದ್ದು ಲ್ಯಾಬ್ ಟೆಕ್ನಿಷಿಯನ್ ಕಿರಣನನ್ನು ಕಳಿಸಿದ್ದಳು. ಅವನಿಗೆ ಫೋನ್ ಮಾಡಿದಳು.

“ಹೆಸರು ಕೂಗ್ದೆ, ಬಂದ್ರು, ರಕ್ತ ತಗಂಡೆ,” ಎಂದ ಕಿರಣ್. “ಯಾರು ಯಾರು ಅಂತ ನಂಗೆ ಹೆಂಗ್ ಗೊತ್ತಾಗ್ಬೇಕು ಮೇಡಂ?”

ಅಷ್ಟು ಸಾಕಿತ್ತು. ಒಂದು ಪತ್ರ ಟೈಪ್ ಮಾಡಿಕೊಂಡು ಬಸ್ಸು ಹತ್ತಿದಳು. ಹಿನ್ನೀರಿನ ಸೇತುವೆ ದಾಟುವಾಗಲೂ ಅವಳು ಕಿಟಕಿಯ ಹೊರಗೆ ನೋಡಲಿಲ್ಲ. ಆ ಹೆಂಗಸು ಒಲ್ಲೆ ಎಂದುಬಿಟ್ಟರೆ?

ಬಸ್ಸಿಳಿದಾಗ ಅಂಗಡಿ ಕಟ್ಟೆಯ ಮೇಲಿದ್ದ ಗುತ್ಯಪ್ಪ ಎಂಬ ಮುದುಕ ಗುರುತು ಹಿಡಿದ.

“ರಕ್ತದ ಮೇಡಂ ಅಲ್ವಾ? ಜುಲೈನಲ್ಲಿ ನಿಮ್ಮೋರು ರಕ್ತಕ್ಕೆ ಬಂದ ದಿನ ನಾಟಿ ಜೋರಿತ್ತು ನೋಡಿ. ಆದ್ರೂ ನಮ್ಮನೆಯಿಂದ ಒಬ್ರನ್ನ ಕಳ್ಸಿದ್ದೆ. ಮಾತು ಕೊಟ್ಮೇಲೆ ತಪ್ಸೋಕಾಗತ್ತಾ?”

“ಹೂವಮ್ಮ?”

“ಅವಳೂ ನಾಟಿಗೆ ಬರ್ಬೇಕಿತ್ತು. ಗದ್ದೆಗೆ ಬರ್ಲಿಲ್ಲ.” ಅವನು ದಾರಿ ತೋರಿಸಿದ. “ಮುಯ್ಯಾಳು ಬಾಕಿ ಇಟ್ಟೋಳಲ್ಲ ಅವಳು. ಈ ವರ್ಷ ಮಾತ್ರ ಇಟ್ಳು.”

ಸೌಜನ್ಯಳ ಎದೆ ಹಗುರವಾಯಿತು. ಈ ಊರುಗಳಲ್ಲಿ ಮುಯ್ಯಾಳಿನ ಲೆಕ್ಕ ಮನೆಗೆ ಸಂಬಂಧಿಸಿದ್ದು. ಹೋದ ವಾರ ಪಕ್ಕದ ಮನೆಯ ಅತ್ತೆ ಕೂಲಿಯಿಲ್ಲದೆ ಬಂದು ನಮ್ಮ ಗದ್ದೆ ನೆಟ್ಟರೆ, ಈ ವಾರ ನಮ್ಮ ಸೊಸೆ ಅವರ ಗದ್ದೆಗೆ ಹೋದರೂ ಲೆಕ್ಕ ಚುಕ್ತಾ. ಆಳಿಗೆ ಆಳು, ಯಾರಾದರೇನು? ಹೂವಮ್ಮನೂ ಬೇರೆಲ್ಲೋ ಕೆಲಸಕ್ಕೆ ಹೋಗಿ, ರಕ್ತಕ್ಕೆ ಹಾಗೆಯೇ ಯಾರನ್ನೋ ಕಳಿಸಿರಬೇಕು. ಮೊದಲೇ ಇದು ತನಗೆ ಹೊಳೆಯಲಿಲ್ಲವಲ್ಲ ಎಂದು ಅವಳು ತನ್ನನ್ನೇ ಬೈದುಕೊಂಡಳು.

ಜಗಲಿಯ ಕಂಬಕ್ಕೆ ಒರಗಿ ಕೂತವಳನ್ನು ಗುರುತಿಸಲು ಸೌಜನ್ಯಳಿಗೆ ತುಸು ಹೊತ್ತೇ ಬೇಕಾಯಿತು. ಏಪ್ರಿಲ್‌ನಲ್ಲಿ ತಲೆಯ ಮೇಲೆ ಸೊಪ್ಪಿನ ಹೊರೆ ಹೊತ್ತೇ ಬಂದಿದ್ದ ಹೆಂಗಸು ಇವಳೇ. ತೊಳೆಯುವ ಕಲ್ಲಿನ ಮೇಲೆ ಒಂದು ತಟ್ಟೆ, ಒಂದು ಲೋಟ ಬೋರಲು ಹಾಕಿತ್ತು.

“ಬಂದ್ರಾ ತಂಗಿ? ಕೂತ್ಕಳಿ.” ಹೂವಮ್ಮ ಏಳಲು ಹೋಗಿ ಮತ್ತೆ ಕೂತಳು. “ಒಂದ್ ಲೋಟ ಚಾ ಮಾಡ್ತಿದ್ದೆ. ಎದ್ರೆ ಕಣ್ಣು ಕತ್ಲೆ ಬರತ್ತೆ.”

“ಬೇಡ ಹೂವಕ್ಕ. ಬಸ್ಸಿಗೆ ಹೊತ್ತಾಯ್ತು.” ಸೌಜನ್ಯ ಪತ್ರ ಬಿಡಿಸಿದಳು. ಓದಿ ಹೇಳಿದಳು. ಜುಲೈನಲ್ಲಿ ರಕ್ತ ಕೊಟ್ಟವಳು ನಾನಲ್ಲ, ನನ್ನ ಹೆಸರನ್ನು ಲೆಕ್ಕದಿಂದ ತೆಗೆಯಬಹುದು. ಅಳಬಾರದೆಂದುಕೊಂಡಿದ್ದಳು, ಅತ್ತೇಬಿಟ್ಟಳು. ಆರು ವರ್ಷ, ನಾಳೆಯ ಗಡುವು, ಹೋಗುವ ಕೆಲಸ, ಎಲ್ಲವನ್ನೂ ಆ ಹೆಂಗಸಿನ ಮುಂದೆ ಹರವಿದಳು.

ಕೇಳುತ್ತಿದ್ದ ಹೂವಮ್ಮ ಉಸಿರು ತೆಗೆದುಕೊಳ್ಳಲು ನಡುವೆ ಎರಡು ಸಲ ಬಾಯಿ ತೆರೆದಳು.

“ನನ್ನ ಹೆಸರು ತೆಗೆದ್ರೆ ನಿಮ್ಗೆ ಅನುಕೂಲ ಆಗತ್ತಾ?”

“ಬದುಕ್ಕೋತೀನಿ ಹೂವಕ್ಕ.”

“ಹಂಗಾರೆ ಕೊಡಿ ಇಲ್ಲಿ.”

ಬಿಳಚಿದ ಬೆರಳುಗಳು ಪೆನ್ನು ಹಿಡಿದು ಒಂದೊಂದೇ ಅಕ್ಷರ ಬರೆದವು. ಸೌಜನ್ಯ ಪತ್ರವನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡಳು. 0.007. ಗೆದ್ದೆ ಎಂದುಕೊಂಡಳು.

ಅಂಗಳ ದಾಟಿದವಳಿಗೆ ಒಂದು ವಿಷಯ ನೆನಪಾಯಿತು. ಗೈಡ್ ಕೇಳಿದರೆ ಹೇಳಬೇಕಲ್ಲ.

“ಅಂದಹಾಗೆ ಹೂವಕ್ಕ, ಅವತ್ತು ನಿಮ್ಮ ಬದಲು ಬಂದಿದ್ದು ಯಾರು?”

ಹೂವಮ್ಮ ಕಂಬ ಹಿಡಿದುಕೊಂಡೇ ನಕ್ಕಳು.

“ನನ್ನ ಬದಲು ಯಾರಿದಾರೆ ತಂಗಿ? ನೀವು ಅತ್ರಲ್ಲ ಅಂತ ಸೈನ್ ಹಾಕ್ದೆ. ಉಳಿದ ಹತ್ತೊಂಬತ್ತು ಮನೆಯೋರೂ ತಾವು ನಾಟಿಗೆ ಹೋಗಿ, ರಕ್ತಕ್ಕೆ ಮಗಳನ್ನೋ ಸೊಸೆನೋ ಕಳ್ಸಿದ್ರು. ಎರಡು ಸಲಾನೂ ಬಂದೋಳು ನಾನೊಬ್ಳೇ.”