ಎದುರು ಮಾಳಿಗೆಯ ದೀಪ

ನನ್ನ ಮಗಳು ಸುವರ್ಣಾ ಬಾಹ್ಯಾಕಾಶ ನೌಕೆಯೊಂದರ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಾಳೆ. ವಾರಕ್ಕೊಮ್ಮೆ ಮುಸ್ಸಂಜೆಯಲ್ಲಿ ಆ ನೌಕೆ ಗುಳೇದಗುಡ್ಡದ ಮೇಲೆ ಹಾದುಹೋಗುತ್ತದೆ. ಆಗ ನಮ್ಮ ಓಣಿಯವರೆಲ್ಲ ನಾಲ್ಕು ನಿಮಿಷ ದೀಪ ಆರಿಸಿ ಕಟ್ಟೆಯ ಮೇಲೆ ಕೂರುತ್ತಾರೆ. ನಮ್ಮ ಮಾಳಿಗೆಯ ದೀಪ ಮಾತ್ರ ಉರಿಯಬೇಕು. ಯಾವ ಊರಿನ ಮಕ್ಕಳು ಹೀಗೆ ಆಕಾಶದಲ್ಲಿದ್ದಾರೋ ಆ ಎಲ್ಲ ಊರುಗಳಲ್ಲೂ ಇದೇ ಪದ್ಧತಿ. ಮೇಲಿದ್ದವರಿಗೆ ತಮ್ಮ ಮನೆ ಕಾಣಬೇಕಲ್ಲ.

ಎದುರು ಮನೆಯ ದ್ಯಾಮವ್ವ ಮಾತ್ರ ಜಿದ್ದಿಗೆ ಬಿದ್ದು ತನ್ನ ಮಾಳಿಗೆಯ ಮೇಲೂ ಬಲ್ಬು ಹಚ್ಚುತ್ತಾಳೆ. ಗಟಾರದ ಜಗಳವಾಗಿ ಮೂರು ವರ್ಷ, ನಮ್ಮಿಬ್ಬರಿಗೆ ಮಾತಿಲ್ಲ. ಆ ಬಲ್ಬು ಕಂಡರೆ ನನ್ನ ಮೈ ಉರಿಯುತ್ತದೆ.

ಇಂದು ನೌಕೆ ಗುಡ್ಡದ ಮೇಲೆ ಕಾಣಿಸಿದಾಗ ನಾನು ಮಾಳಿಗೆಯ ಮೇಲೆ ನಿಂತು ಫೋನಿನಲ್ಲಿ ಮಗಳಿಗೆ ಹೇಳಿದೆ, "ಆಕಿ ಇವತ್ತೂ ಹಚ್ಚ್ಯಾಳವಾ. ನಿನಗ ನಮ್ಮ ಮನಿ ಹ್ಯಾಂಗ ಗೊತ್ತಾಗಬೇಕು?"

ಸುವರ್ಣಾ ನಕ್ಕಳು. "ಯವ್ವಾ, ಎಲ್ಲಾ ಊರಾಗೂ ಒಂದೊಂದ ದೀಪ ಕಾಣತಾವು. ಜೋಡಿ ದೀಪ ಇರೂದು ನಮ್ಮ ಓಣ್ಯಾಗ ಅಷ್ಟ. ಅದನ್ನ ನೋಡೇ ನಾ ಮನಿ ಹುಡುಕತೀನಿ."

ಅಷ್ಟರಲ್ಲಿ ದ್ಯಾಮವ್ವ ತನ್ನ ಮಾಳಿಗೆ ಹತ್ತಿ ಬಂದಳು. ಆ ದೀಪ ಆರಿಸೆಂದು ಬೆಳಿಗ್ಗೆ ಓಣಿಯ ಹಿರಿಯರು ಅವಳಿಗೆ ಬುದ್ಧಿ ಹೇಳಿದ್ದರಂತೆ. ಮುಖ ಗಂಟಿಕ್ಕಿಕೊಂಡೇ ಸ್ವಿಚ್ಚಿಗೆ ಕೈ ಹಾಕಿದಳು.

"ದ್ಯಾಮಕ್ಕಾ, ಆರಿಸಬ್ಯಾಡ!" ಎಂದು ಕೂಗಿದೆ. "ಸುವರ್ಣಾ ಎರಡೂ ದೀಪ ನೋಡಿ ಮನಿ ಗುರ್ತು ಹಿಡೀತಾಳಂತ!"

ಅವಳು ನನ್ನನ್ನು ನೋಡಿದಳು, ಆಮೇಲೆ ಆಕಾಶವನ್ನು ನೋಡಿದಳು. ಸ್ವಿಚ್ಚಿನಿಂದ ಕೈ ತೆಗೆದು, ಸೆರಗಿನ ತುದಿಯಿಂದ ಬಲ್ಬಿನ ಮೇಲಿನ ಧೂಳು ಒರೆಸಿದಳು.