ಗಂಟೆ ಕೇಳಿದಾಗ ಜಿಗಿ

ಕಳ್ಳ ಸಿಕ್ಕಿಬಿದ್ದ. ಅಕ್ಕ ಕಣ್ಣಾರೆ ನೋಡಿದಳು. ಅವಳ ಕಂಪ್ಯೂಟರ್ ಮುಂದೆ ಕೂತು, ಹೆಡ್‌ಫೋನ್ ಹಾಕಿಕೊಂಡು, ತಮ್ಮ ಅವಳ ಸಂಗೀತದಲ್ಲಿ ಗಂಟೆಯ ದನಿಯನ್ನು ಇಳಿಸುತ್ತಿದ್ದ. ಸ್ವಲ್ಪವಲ್ಲ, ಅರ್ಧಕ್ಕರ್ಧ.

"ಏನೋ ಮಾಡ್ತಿದ್ದೀಯ ಅಲ್ಲಿ?"

ಅವನು ಬೆಚ್ಚಿಬಿದ್ದ. "ಏನಿಲ್ಲ ಅಕ್ಕಾ. ಸುಮ್ನೆ, ಸ್ವಲ್ಪ ಸರಿ ಮಾಡ್ತಿದ್ದೆ."

"ನನ್ನ ಸಂಗೀತ ಸರಿ ಮಾಡೋಕೆ ನೀನ್ಯಾರೋ?"

ಇಬ್ಬರದೂ ಒಂದೇ ಹುಚ್ಚು. ತಮ್ಮ ಇನ್ನೂ ಚಡ್ಡಿ ಹಾಕುತ್ತಿದ್ದ ಕಾಲದಲ್ಲಿ ಒಂದೇ ಕುರ್ಚಿಯಲ್ಲಿ ಅಂಟಿಕೊಂಡು ಕೂತು ಆಡಿದ ಜಿಗಿದಾಟದ ವಿಡಿಯೊ ಗೇಮ್. ಮಾಡಿದ ಕಂಪನಿ ಅದನ್ನು ಯಾವಾಗಲೋ ಕೈಬಿಟ್ಟಿತ್ತು. ಅಭಿಮಾನಿಗಳು ಬಿಡಬೇಕಲ್ಲ! ಹೊಸ ಲೆವೆಲ್‌ಗಳನ್ನು ತಾವೇ ಕಟ್ಟಿ ಪ್ರತಿ ವರ್ಷ ಸ್ಪರ್ಧೆ ನಡೆಸುತ್ತಿದ್ದರು. ಅಂಕ ಮೂರಕ್ಕೆ: ಆಟ, ನೋಟ, ನಾದ. ಒಂದು ಇನ್ನೊಂದರ ತಲೆಯ ಮೇಲೆ ಹತ್ತಿ ಕೂರಬಾರದು, ಅದೇ ಅವರ ಕಟ್ಟಪ್ಪಣೆ. ಆಟ, ನೋಟ ತಮ್ಮನ ಪಾಲು. ನಾದ ಅಕ್ಕನದು, ಪಿಯಾನೊ ಕಲಿಸಿಯೇ ಬದುಕು ಕಟ್ಟಿಕೊಂಡವಳು. ನಾದಕ್ಕೆ ಅವಳನ್ನು ಮೀರಿಸಿದವರು ಇದುವರೆಗೆ ಇರಲಿಲ್ಲ.

ಈ ವರ್ಷದ ಲೆವೆಲ್ ಅವಳದೇ ಕನಸು. ಕಗ್ಗತ್ತಲ ಗುಹೆ. ಕಾಲ ಕೆಳಗಿನ ಕಲ್ಲು ಕುಸಿಯುವ ಮೊದಲು ಒಂದು ಪುಟ್ಟ ಗಂಟೆ ಟಿಣ್ ಅನ್ನುತ್ತದೆ, ಕೇಳಿದ ಕೂಡಲೇ ಜಿಗಿಯಬೇಕು. ಆದರೆ ಅವಳು ಏರಿಸಿಟ್ಟ ಗಂಟೆ ಮರುದಿನ ನೋಡಿದರೆ ಇಳಿದಿರುತ್ತಿತ್ತು. ಆಡಲು ಕೂತರೆ ಅದರ ಸುಳಿವೇ ಇಲ್ಲ. ಬಿದ್ದಳು, ಮತ್ತೆ ಬಿದ್ದಳು, ತಾನೇ ತೋಡಿದ ಗುಂಡಿಗೆ. ಯಾರ ಕೈವಾಡ ಎಂದು ಈಗ ಗೊತ್ತಾಯಿತು.

ಯಾಕೆ ಎಂಬುದು ಮೊದಲೇ ಗೊತ್ತಿತ್ತು. ಹೋದ ವಾರ ಅವನು ಹಜಾರದಲ್ಲಿ ನಿಂತು ಯಾರಿಗೋ ಫೋನಿನಲ್ಲಿ ಹೇಳುತ್ತಿದ್ದ. "ಅಕ್ಕನ ಕೈಲಿ ಇನ್ನು ಆಗಲ್ಲ ಅನ್ಸುತ್ತೆ. ಇಲ್ಲ, ಅವಳಿಗಿನ್ನೂ ಹೇಳಿಲ್ಲ. ಹೇಗೆ ಹೇಳ್ಲಿ?" ಅಂದರೆ ಹೊಸ ಸಂಗೀತಗಾರನನ್ನು ಹುಡುಕಿಯಾಗಿದೆ!

ಈಚೆಗೆ ಯಾವುದೂ ನೆಟ್ಟಗಿರಲಿಲ್ಲ ಅನ್ನಿ. ಪಾಠಕ್ಕೆ ಬರುವ ಮಕ್ಕಳು ಕಡಿಮೆಯಾಗಿದ್ದರು. ಉಳಿದವರೋ, ಏನು ಕೇಳಿದರೂ ಬಾಯೊಳಗೇ ಗೊಣಗುವವರು. ಸೀಟಿ ಹೊಡೆಯುವ ಕೆಟಲ್ ಮೂಕವಾಯಿತೆಂದು ಹೊಸದು ತರಿಸಿದರೆ ಅದೂ ಅಂಥದ್ದೇ. "ಅಗ್ಗದ ಮಾಲು ತಂದು ನನ್ನ ತಲೆಗೆ ಕಟ್ಟಿದೀಯ" ಎಂದು ತಮ್ಮನಿಗೆ ಬೈದಿದ್ದಳು.

"ಹೇಳು, ಎಷ್ಟು ದಿನದಿಂದ ನಡೀತಿದೆ ಈ ಕಳ್ಳಾಟ?" ಅಕ್ಕನ ದನಿ ಏರಿತು.

ತಮ್ಮ ಏನೋ ಹೇಳಹೊರಟವನು ಥಟ್ಟನೆ ಎದ್ದು ಅಡುಗೆಮನೆಗೆ ಓಡಿದ. ಮಾತು ಬಿಸಿಯಾದಾಗ ಹೀಗೆ ಜಾರಿಕೊಳ್ಳುವುದು ಈಚೆಗೆ ಅಂಟಿದ ಚಾಳಿ. ಎರಡು ಲೋಟ ಚಹಾ ಹಿಡಿದು ವಾಪಸು ಬಂದ.

"ಚಹಾ ಕೊಟ್ಟು ಬಾಯಿ ಮುಚ್ಚಿಸ್ತೀಯಾ?"

"ಅಕ್ಕಾ, ನಾಳೆ ನನ್ನ ಜೊತೆ ಬಾ. ಒಬ್ಬರನ್ನ ನೋಡ್ಬೇಕು."

"ಯಾರನ್ನ? ನನ್ನ ಜಾಗದಲ್ಲಿ ಕೂರಿಸೋರನ್ನಾ?"

ಅವನ ಕಣ್ಣು ತುಂಬಿತು. ಮೊಸಳೆ ಕಣ್ಣೀರು ಎಂದುಕೊಂಡಳು ಅಕ್ಕ. "ಹೊರಡು. ಈಗಲೇ ಹೊರಡು."

ಚೀಲ ಹೆಗಲಿಗೇರಿಸಿ, ಬಾಗಿಲಲ್ಲಿ ಒಮ್ಮೆ ತಿರುಗಿ ನಿಂತ. "ಸ್ಟೌ ಕಡೆ ಸ್ವಲ್ಪ ಗಮನ ಇರ್ಲಿ ಅಕ್ಕಾ." ಮಾಡುವುದು ಮನೆಹಾಳು ಕೆಲಸ, ಹೇಳುವುದು ಬುದ್ಧಿಮಾತು! ಅವಳು ಬಾಗಿಲನ್ನು ಅವನ ಮುಖಕ್ಕೇ ಹಾಕಿದಳು.

ಆಮೇಲೆ ಗಂಟೆಯನ್ನು ಪೂರ್ತಿ ಏರಿಸಿದಳು, ಇನ್ನು ಏರಲಾರದು ಎಂಬಷ್ಟು. ಸ್ಪರ್ಧೆಯಲ್ಲಿ ಒಂದು ನಿಯಮ ಉಂಟು: ತಾನು ಕಟ್ಟಿದ್ದನ್ನು ತಾನೇ ಮೊದಲಿನಿಂದ ಕೊನೆವರೆಗೆ ದಾಟಿ ತೋರಿಸಿದರೆ ಮಾತ್ರ ಲೆವೆಲ್ ಒಳಗೆ ಹೋಗುತ್ತದೆ. ಕೂತು ಆಡಿದಳು. ಟಿಣ್. ಆಹಾ, ಕೇಳಿತು! ದೂರದಲ್ಲಿ, ಮೆತ್ತಗೆ, ಕನಸಿನಲ್ಲಿ ಕಂಡಿದ್ದ ಹಾಗೆಯೇ. ಜಿಗಿದಳು. ಟಿಣ್. ಜಿಗಿದಳು. ಕೊನೆ ಮುಟ್ಟಿದಾಗ ಗಳಗಳನೆ ಅತ್ತಳು.

ಲೆವೆಲ್ ಕಳಿಸಿ, ಅಭಿಮಾನಿಗಳೆಲ್ಲ ನೋಡುವ ಪುಟದಲ್ಲಿ ಬರೆದಳು: "ನನ್ನ ತಮ್ಮ ನನ್ನ ಕೆಲಸಕ್ಕೆ ಒಳಗಿಂದಲೇ ಕನ್ನ ಹಾಕಿದವನು. ಅವನನ್ನು ಯಾರೂ ನಂಬಬೇಡಿ." ಅದನ್ನು ಓದಿದ ಅವನು ತನ್ನ ಹಳೆಯ ಲೆವೆಲ್‌ಗಳನ್ನೆಲ್ಲ ಅಳಿಸಿ ಪುಟದಿಂದಲೇ ಹೊರಟುಹೋದ. ತಪ್ಪಿಲ್ಲದವನಾಗಿದ್ದರೆ ಓಡಿಹೋಗುತ್ತಿದ್ದನೇ?

ಮರುದಿನ ಮಧ್ಯಾಹ್ನ, ಚಹಾಕ್ಕೆ ನೀರಿಟ್ಟು ಬಂದು ಕೂತಾಗ, ಅಭಿಪ್ರಾಯಗಳು ಬಂದಿದ್ದವು.

"ಆಟ ಸೊಗಸು, ನೋಟ ಸೊಗಸು, ಆದರೆ ಆ ಗಂಟೆ! ಹೆಡ್‌ಫೋನ್ ಕಿತ್ತೆಸೆದೆ."

"ಕಿವಿಗೆ ಸೂಜಿ ಚುಚ್ಚಿದ ಹಾಗಾಯಿತು."

"ಪ್ರತಿ ವರ್ಷ ಅಷ್ಟು ಹದವಾಗಿರುತ್ತಿದ್ದ ನಾದಕ್ಕೆ ಈ ಸಲ ಏನಾಯಿತು?"

ನಾದಕ್ಕೆ ಸೊನ್ನೆ. ಒಬ್ಬರಲ್ಲ, ಎಲ್ಲರೂ. ಅಕ್ಕನಿಗೆ ನಗು ಬಂತು, ಕಹಿ ನಗು. ತಮ್ಮನದೇ ಚಿತಾವಣೆ, ಎಲ್ಲರ ತಲೆಕೆಡಿಸಿದ್ದಾನೆ. ಇಂಥವನಿಗಾಗಿ ಅರ್ಧ ಆಯುಷ್ಯ ಸವೆಸಿದೆನಲ್ಲ! ಫೋನ್ ಎತ್ತಿ ಅವನ ನಂಬರನ್ನು ಅಳಿಸಿಹಾಕಿದಳು.

ಬಾಗಿಲು ಢಬಢಬ ಬಡಿದ ಸದ್ದಾಯಿತು. ತೆರೆದರೆ ಮೇಲಿನ ಮನೆಯಾಕೆ, ಕಂಕುಳಲ್ಲಿ ಅಳುವ ಕೂಸು. ಹೇಳದೆ ಕೇಳದೆ ಅಡುಗೆಮನೆಗೆ ನುಗ್ಗಿ ಸ್ಟೌ ಆರಿಸಿದಳು. ಅಡುಗೆಮನೆ ತುಂಬ ಹಬೆ.

"ಅಯ್ಯೋ, ಎಷ್ಟು ಹೊತ್ತಿಂದ ಕಿರುಚ್ತಿದೆ ನಿಮ್ಮ ಕೆಟಲ್! ಮಲಗಿದ್ದ ಮಗು ಎದ್ದುಬಿಡ್ತು."

"ಅದಾ? ಅದು ಕೆಟ್ಟಿದೆ," ಎಂದಳು ಅಕ್ಕ. "ಕೂಗೋದೇ ಇಲ್ಲ."

ಮೇಲಿನ ಮನೆಯಾಕೆ ಅವಳನ್ನೇ ನೋಡಿದಳು. "ಕೂಗಲ್ವಾ? ಸುತ್ತಲ ಮನೆಗೆಲ್ಲ ಕೇಳುತ್ತಲ್ರೀ. ನಿಮ್ಮ ತಮ್ಮ ದಿನಾ ಎದ್ದುಬಿದ್ದು ಓಡಿಹೋಗಿ ಆರಿಸ್ತಿದ್ದದ್ದು ಮತ್ತೆ ಯಾಕೆ ಅಂದ್ಕೊಂಡಿದ್ರಿ?"